ಹಸಿವು ಹಾಕಿದ ಸಹಿಗೆ ಬೆಲೆಯೆಷ್ಟು?

ಕೊಯ್ಲಿನ ದಿನಗಳಲ್ಲಿ ಚನ್ನಗಿರಿ ಸೀಮೆಯ ಹಳ್ಳಿಗಳನ್ನು ರಾತ್ರಿ ಹಾದುಹೋದವರಿಗೆ ದೀಪದ ಬೆಳಕಿನಲ್ಲಿ ಅಡಿಕೆ ಸುಲಿಯುವ ಹೆಂಗಸರ ಸಾಲು ಅಪರಿಚಿತವಲ್ಲ. ಕೂಲಿ ಸುಲಿದ ಅಳತೆಗೇ ಹೊರತು ಗಂಟೆಗಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಬಡ ಮನೆಗಳ ಮಕ್ಕಳು ಗಂಟೆಯ ಲೆಕ್ಕವಿರುವ ದುಡಿಮೆಯನ್ನರಸಿ ನಗರದ ಕಾರ್ಖಾನೆಗಳತ್ತ ಹೊರಡುವುದುಂಟು. ಅಲ್ಲಿಯಾದರೂ ಆ ಲೆಕ್ಕ ಎಷ್ಟು ಭದ್ರ?

1948ರ ಕಾರ್ಖಾನೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ವಿಧಿಸಿತ್ತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು 10 ಮತ್ತು 60ಕ್ಕೆ ಏರಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿದಾಗ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. 2023ರ ತಿದ್ದುಪಡಿ ಹೆಚ್ಚು ನಾಜೂಕಿನದು. ವಾರದ 48 ಗಂಟೆ ಹಾಗೆಯೇ ಉಳಿಯಿತು. ಆದರೆ ಕಾರ್ಮಿಕರ ಲಿಖಿತ ಒಪ್ಪಿಗೆಯಿದ್ದರೆ ವಿರಾಮವೂ ಸೇರಿ ದಿನಕ್ಕೆ 12 ಗಂಟೆ ದುಡಿಸಲು ದಾರಿಯಾಯಿತು. ಮೂರು ತಿಂಗಳ ಓವರ್‌ಟೈಮ್ ಮಿತಿ 75ರಿಂದ 144 ಗಂಟೆಗೇರಿತು. ಹದಿಮೂರು ವಾರಗಳಿಗೆ ಹಂಚಿದರೆ ಇದು ವಾರಕ್ಕೆ 11 ಗಂಟೆ. 48ಕ್ಕೆ ಕೂಡಿಸಿದರೆ 59. ಮುಂಬಾಗಿಲಿನಿಂದ ಹೊರಹೋದ ಅರವತ್ತು ಹಿತ್ತಿಲಿನಿಂದ ಒಳಬಂದಂತಾಯಿತು.

ಓವರ್‌ಟೈಮಿಗೆ ದುಪ್ಪಟ್ಟು ವೇತನವಿದೆ, ಕಾರ್ಮಿಕರೇ ಅದನ್ನು ಬಯಸುತ್ತಾರೆ ಎಂಬ ವಾದವನ್ನು ತಳ್ಳಿಹಾಕಲಾಗದು. ಮಗಳ ಶಾಲೆಯ ಶುಲ್ಕ ಕಟ್ಟಬೇಕಾದವರಿಗೆ ಎರಡು ಗಂಟೆಯ ದುಡಿಮೆ ವರವೇ. ಪ್ರಶ್ನೆ ಒಪ್ಪಿಗೆಯದು. ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದ ಕಡತಗಳಲ್ಲಿ ಹೆಬ್ಬೆಟ್ಟಿನ ಗುರುತುಗಳಿಗೆ ಬರವಿರಲಿಲ್ಲ. ಬರೆದದ್ದನ್ನು ತಿಳಿದು ಒತ್ತಿದವರೆಷ್ಟು ಮಂದಿ ಎಂದು ನಾನೂ ವಿಚಾರಿಸಲಿಲ್ಲ. ನೇಮಕಾತಿ ಪತ್ರದ ಜೊತೆಗೇ ಒಪ್ಪಿಗೆ ಪತ್ರವನ್ನೂ ಮುಂದಿಟ್ಟರೆ ಒಲ್ಲೆನೆನ್ನುವ ಧೈರ್ಯ ಯಾರಿಗಿದ್ದೀತು? ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ, ಹಸಿವೂ ಒಂದು ಬಲವಂತವೆಂದು ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಬ್ರಿಟನ್ನಿನಲ್ಲಿಯೂ 1998ರ ನಿಯಮದಂತೆ ಕಾರ್ಮಿಕರು 48 ಗಂಟೆಯ ಮಿತಿಯನ್ನು ಲಿಖಿತವಾಗಿ ಬಿಟ್ಟುಕೊಡಬಹುದು. ಆದರೆ ನೋಟಿಸು ಕೊಟ್ಟು ಆ ಒಪ್ಪಿಗೆಯನ್ನು ಹಿಂಪಡೆಯಬಹುದು, ನಿರಾಕರಿಸಿದವರನ್ನು ಶಿಕ್ಷಿಸುವಂತಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ನಮ್ಮ ಕಾರ್ಮಿಕ ಸಂಹಿತೆಗಳೂ ಓವರ್‌ಟೈಮಿಗೆ ಕಾರ್ಮಿಕರ ಸಮ್ಮತಿಯನ್ನು ಬೇಡುತ್ತವೆ. ಹಾಗಿದ್ದಮೇಲೆ ಆ ಸಮ್ಮತಿಗೆ ಅರ್ಥ ತುಂಬುವ ಹೊಣೆ ರಾಜ್ಯದ್ದು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ನೇಮಕಾತಿಯಿಂದ ಪ್ರತ್ಯೇಕವಾಗಿರಲಿ, ಅದರ ಪ್ರತಿ ಕಾರ್ಮಿಕರ ಕೈಯಲ್ಲಿರಲಿ, ಬೇಡವೆಂದಾಗ ರದ್ದಾಗಲಿ. ಇಲ್ಲವೆನ್ನುವ ಸ್ವಾತಂತ್ರ್ಯವಿದ್ದಾಗ ಮಾತ್ರ ಹೂಂ ಎಂಬುದಕ್ಕೆ ಬೆಲೆ.