ಸರ್ವರ್ ಕೋಣೆಯ ರೋಬೋಟ್: ನಂಬಿಕೆ ಎಷ್ಟು, ನಿಜ ಎಷ್ಟು?

ಫೋನಿನಿಂದ ಹೊರಟ ಸಂದೇಶ ತಲುಪಬೇಕಾದ ಕಡೆ ತಲುಪುವ ಹೊತ್ತಿಗೆ ಹಲವು ಕಟ್ಟಡಗಳನ್ನು ಹಾದಿರುತ್ತದೆ: ಎಕ್ಸ್‌ಚೇಂಜ್, ಡೇಟಾ ಸೆಂಟರ್, ಕಡಲತೀರದ ಕೇಬಲ್ ನಿಲ್ದಾಣ. ಅಲ್ಲಿ ಕೆಟ್ಟ ಡಿಸ್ಕ್ ಬದಲಿಸಬೇಕು, ಸಡಿಲಾದ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಬೇಕು, ಹಗಲಿರುಳು ಎಸಿ ಕಾಯಬೇಕು. ಇದಕ್ಕೆಲ್ಲ ರೋಬೋಟ್ ಬರುತ್ತಿದೆ ಎಂದೊಡನೆ ಕೆಲವರಿಗೆ ಹಿಗ್ಗು, ಕೆಲವರಿಗೆ ದಿಗಿಲು. ಎರಡರ ಹಿಂದೆಯೂ ಒಂದಿಷ್ಟು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ 1: ಈಗ ಎಲ್ಲವೂ ಸಾಫ್ಟ್‌ವೇರ್. ದುರಸ್ತಿಗೆ ಸ್ಥಳಕ್ಕೆ ಹೋಗುವ ಅಗತ್ಯವೇ ಇಲ್ಲ.

ಸತ್ಯ: 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ತಾಸು ನಿಂತುಹೋದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಮುಖ್ಯ ಜಾಲವೇ ಕಡಿದುಹೋಗಿತ್ತು. ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಪ್ರತ್ಯೇಕ ದಾರಿಯೂ ಕೈಕೊಟ್ಟಿತು. ಕೊನೆಗೆ ಎಂಜಿನಿಯರ್‌ಗಳೇ ಅಲ್ಲಿಗೆ ಹೋಗಬೇಕಾಯಿತು. ಬಿಗಿ ಭದ್ರತೆ ದಾಟಿ ಯಂತ್ರದ ಮುಂದೆ ನಿಲ್ಲುವುದಕ್ಕೂ ಸಮಯ ಹಿಡಿಯಿತು. ಸ್ಥಳದಲ್ಲೇ ಇರುವ ಕೈಗೆ ಬೆಲೆ ಬರುವುದು ಇಂಥ ಹೊತ್ತಿನಲ್ಲಿ.

ತಪ್ಪು ಕಲ್ಪನೆ 2: ರೋಬೋಟ್ ಇನ್ನೂ ಪ್ರಯೋಗಾಲಯದ ಕನಸು.

ಸತ್ಯ: 1987ರಲ್ಲೇ ಅಮೆರಿಕದ ಸ್ಟೋರೇಜ್‌ಟೆಕ್ ಕಂಪನಿ ಸುಮಾರು 6,000 ಟೇಪ್ ಕಾರ್ಟ್ರಿಜ್‌ಗಳ ಕಣಜವೊಂದನ್ನು ಮಾರುಕಟ್ಟೆಗೆ ತಂದಿತು. ಅದರ ನಡುವೆ ನಿಂತ ಯಂತ್ರದ ತೋಳು ಬೇಕಾದ ಟೇಪನ್ನು ಹುಡುಕಿ ತೆಗೆದು ಡ್ರೈವ್‌ಗೆ ತೂರಿಸುತ್ತಿತ್ತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ದತ್ತಾಂಶವನ್ನು ಇಂದಿಗೂ ಇಂಥ ತೋಳುಗಳೇ ಎತ್ತಿಡುತ್ತವೆ. ಇಲ್ಲಿ ಯಂತ್ರಕ್ಕೆ ಮಹಾ ಜಾಣತನ ಬೇಕಿಲ್ಲ. ಕಾರ್ಟ್ರಿಜ್‌ಗಳೆಲ್ಲ ಒಂದೇ ಅಳತೆಯವು, ಪ್ರತಿಯೊಂದಕ್ಕೂ ನಿಗದಿತ ಜಾಗ ಮತ್ತು ಗುರುತು ಇದೆ, ಅಡ್ಡ ಬರಲು ಒಳಗೆ ಮನುಷ್ಯರಿಲ್ಲ. ಕೋಣೆಯನ್ನೇ ಯಂತ್ರಕ್ಕೆ ಒಪ್ಪುವಂತೆ ಕಟ್ಟಿದ್ದಾರೆ. ಆಪ್ಟಿಕಲ್ ಫೈಬರ್‌ಗಳನ್ನು ಒಂದು ಪೋರ್ಟಿನಿಂದ ಇನ್ನೊಂದಕ್ಕೆ ತಾನಾಗಿ ಬದಲಿಸುವ ಪ್ಯಾಚ್ ಪ್ಯಾನೆಲ್‌ಗಳೂ ಇದೇ ಉಪಾಯದಿಂದ ನಡೆಯುತ್ತವೆ.

ತಪ್ಪು ಕಲ್ಪನೆ 3: ನಾಲ್ಕು ಕಾಲಿನ ರೋಬೋಟ್ ತಂತ್ರಜ್ಞರ ಹಾಗೆ ಓಡಾಡಿ ರಿಪೇರಿ ಮಾಡುತ್ತದೆ.

ಸತ್ಯ: ಓಡಾಡುವ ರೋಬೋಟ್‌ಗಳ ಮುಖ್ಯ ಕೆಲಸ ನೋಡುವುದು, ಅಳೆಯುವುದು. ನೆಲ ಗುಡಿಸುವ ಯಂತ್ರದ ಗಾಲಿ-ಚೌಕಟ್ಟಿನ ಮೇಲೆ ಸಂವೇದಕಗಳನ್ನು ಕೂರಿಸಿ, ಡೇಟಾ ಸೆಂಟರ್‌ನ ಯಾವ ಮೂಲೆ ಎಷ್ಟು ಬಿಸಿಯಾಗಿದೆ ಎಂಬ ನಕ್ಷೆಯನ್ನು ಐಬಿಎಂ ದಶಕದ ಹಿಂದೆಯೇ ತಯಾರಿಸಿತ್ತು. ಅಮೆರಿಕದ ಯೂಟಾದಲ್ಲಿರುವ ನೋವಾ ಡೇಟಾ ಸೆಂಟರ್ ಬಾಸ್ಟನ್ ಡೈನಾಮಿಕ್ಸ್‌ನ 'ಸ್ಪಾಟ್' ರೋಬೋಟನ್ನು ಗಸ್ತಿಗೆ ಬಿಟ್ಟಿದೆ.

ಕೇಬಲ್ ಕೀಳುವುದು ಇದಕ್ಕಿಂತ ಕಷ್ಟ. ಒತ್ತೊತ್ತಾಗಿ ಜೋತ ಹತ್ತಾರು ಕೇಬಲ್‌ಗಳ ನಡುವೆ ಬೆರಳು ತೂರಿಸಿ, ಪುಟ್ಟ ಕೊಕ್ಕೆ ಒತ್ತಿ, ಪಕ್ಕದ್ದಕ್ಕೆ ತಗಲದಂತೆ ಒಂದನ್ನೇ ಎಳೆಯಬೇಕು. ದೂರಸಂಪರ್ಕದ ಫೈಬರಿನಲ್ಲಿ ಬೆಳಕು ಹರಿಯುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಎಷ್ಟೋ ಸಣ್ಣದು. ತುದಿಯಲ್ಲಿ ಒಂದು ಧೂಳಿನ ಕಣ ಕೂತರೂ ಸಂಕೇತ ಕುಗ್ಗುತ್ತದೆ. ಈ ರ‍್ಯಾಕ್‌ಗಳು ಮನುಷ್ಯರ ಕಣ್ಣು, ಬೆರಳುಗಳ ಅಳತೆಗೆ ಕಟ್ಟಿದವು. ಯಂತ್ರ ತಡವರಿಸುವುದು ಅದಕ್ಕೇ.

ತಪ್ಪು ಕಲ್ಪನೆ 4: ಮನುಷ್ಯರನ್ನು ಹೊರಗಿಟ್ಟರೆ ಸಾಕು, ಯಂತ್ರಗಳು ಕೆಡುವುದೇ ಇಲ್ಲ.

ಸತ್ಯ: ಇದರಲ್ಲಿ ಅರ್ಧ ಮಾತ್ರ ನಿಜ. 2018ರಲ್ಲಿ ಮೈಕ್ರೋಸಾಫ್ಟ್ 864 ಸರ್ವರ್‌ಗಳ ಉಕ್ಕಿನ ಉರುಳೆಯೊಂದನ್ನು ಸ್ಕಾಟ್ಲೆಂಡಿನ ಆರ್ಕ್ನಿ ಬಳಿ ಕಡಲ ತಳಕ್ಕೆ ಇಳಿಸಿತು. 2020ರಲ್ಲಿ ಮೇಲೆತ್ತಿದಾಗ, ನೆಲದ ಮೇಲಿನ ಸರ್ವರ್‌ಗಳಿಗೆ ಹೋಲಿಸಿದರೆ ಕೆಟ್ಟವುಗಳ ಪ್ರಮಾಣ ಎಂಟರಲ್ಲಿ ಒಂದು ಪಾಲು ಮಾತ್ರ ಇತ್ತು. ಒಳಗೆ ತುಂಬಿದ್ದ ಒಣ ನೈಟ್ರೋಜನ್, ತಾಗಿ ಅಲುಗಿಸುವವರು ಯಾರೂ ಇಲ್ಲದ್ದು, ಇವೇ ಕಾರಣವೆಂದು ತಂಡ ಊಹಿಸಿತು. ಆದರೆ ಅದರೊಳಗೆ ರೋಬೋಟ್ ಇರಲಿಲ್ಲ. ಕೆಟ್ಟದ್ದು ಕೆಟ್ಟಂತೆಯೇ ಉಳಿಯಿತು. ಇಂಥವನ್ನು ಇನ್ನು ಕಟ್ಟುವುದಿಲ್ಲವೆಂದು ಕಂಪನಿ 2024ರಲ್ಲಿ ಹೇಳಿತು.

ತಪ್ಪು ಕಲ್ಪನೆ 5: ರೋಬೋಟ್ ಬಂತೆಂದರೆ ತಂತ್ರಜ್ಞರ ಅನ್ನಕ್ಕೆ ಕಲ್ಲು.

ಸತ್ಯ: ಕಡಲೊಳಗಿನ ಕೇಬಲ್‌ಗಳಿಗೆ ಜಗತ್ತಿನಾದ್ಯಂತ ವರ್ಷಕ್ಕೆ 150ರಿಂದ 200 ಬಾರಿ ಪೆಟ್ಟಾಗುತ್ತದೆ, ಬಹುಪಾಲು ಮೀನುಗಾರಿಕೆ ಮತ್ತು ಲಂಗರುಗಳಿಂದ. ನೀರಿಗಿಳಿದು ಕೇಬಲ್ ಹುಡುಕಲು, ಮತ್ತೆ ಮರಳಲ್ಲಿ ಹೂಳಲು ರೋಬೋಟ್‌ಗಳು ಬಹುಕಾಲದಿಂದ ನೆರವಾಗುತ್ತಿವೆ. ಅವನ್ನು ನಡೆಸುವವರು ಹಡಗಿನಲ್ಲಿ ಕೂತಿರುತ್ತಾರೆ. ತುಂಡಾದ ಗಾಜಿನೆಳೆಗಳನ್ನು ಬೆಸೆಯುವುದು ಹಡಗಿನ ಮೇಲಿನ ಪಳಗಿದ ಕೈಗಳೇ. ಗಸ್ತು, ಅಳತೆ, ಎತ್ತಿಡುವ ಕೆಲಸ ಕಡಿಮೆಯಾಗುವುದು ನಿಜ. ಏನು ಕೆಟ್ಟಿದೆಯೆಂದು ತೀರ್ಮಾನಿಸುವ ಕೆಲಸವೂ ಯಂತ್ರವನ್ನೇ ದುರಸ್ತಿ ಮಾಡುವ ಕೆಲಸವೂ ಉಳಿಯುತ್ತವೆ. ಬೆಂಗಳೂರಿನಲ್ಲಿ ಕೂತು ದೂರದೇಶದ ಜಾಲ ಕಾಯುವವರಿಗೆ, ಕಣ್ಣು ಒಂದು ಕಡೆ ಕೈ ಇನ್ನೊಂದು ಕಡೆ ಇರುವ ಈ ಏರ್ಪಾಡು ಹೊಸದೇನಲ್ಲ.

ಆದ್ದರಿಂದ ರೋಬೋಟ್ ಕೊಳ್ಳುವ ಮುನ್ನ ಕೇಳಬೇಕಾದದ್ದು ಅದು ಎಷ್ಟು ಜಾಣ ಎಂದಲ್ಲ, ನಮ್ಮ ಕೋಣೆ ಎಷ್ಟು ಸಿದ್ಧವಾಗಿದೆ ಎಂದು. ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆಂಬ ಲೇಬಲ್ಲೇ ಸರಿಯಿಲ್ಲದ ಕಡೆ ಕೈ ಮನುಷ್ಯರದ್ದಾದರೂ, ಯಂತ್ರದ್ದಾದರೂ, ಕೀಳುವುದು ತಪ್ಪು ಕೇಬಲನ್ನೇ.