ಶಸ್ತ್ರಕ್ಕೆ ಮುನ್ನ ಪಥ್ಯವೇಕೆ?

ಬೊಜ್ಜನ್ನು ಇಳಿಸುವುದಕ್ಕಾಗಿ ಜಠರದ ಮೇಲೆಯೇ ಶಸ್ತ್ರಚಿಕಿತ್ಸೆ ನಡೆಸುವ ಪದ್ಧತಿಯೊಂದಿದೆ ಎಂಬುದು ಈಗ ಹಳ್ಳಿಗಳಲ್ಲಿಯೂ ತಿಳಿದ ಸಂಗತಿ. ಆದರೆ ಈ ಚಿಕಿತ್ಸೆಯನ್ನು ಬಯಸಿ ಹೋದವರ ಕೈಗೆ ವೈದ್ಯರು ಮೊದಲು ಕೊಡುವುದು ಊಟದ ಪಟ್ಟಿಯನ್ನು. ಕೆಲವು ವಾರಗಳ ಮಿತಾಹಾರ, ದಿನವೂ ನಡಿಗೆ, ಸಕ್ಕರೆ ತಂಬಾಕುಗಳ ತ್ಯಾಗ, ಇವಿಷ್ಟನ್ನೂ ಸಾಧಿಸಿದ ಮೇಲೆಯೇ ಮುಂದಿನ ಮಾತು ಎನ್ನುತ್ತಾರೆ. ಇದನ್ನು ಕೇಳಿದವರಿಗೆ ಒಂದು ಸಂದೇಹ ಏಳುವುದು ಸಹಜ. ಪಥ್ಯದಿಂದಲೂ ನಡಿಗೆಯಿಂದಲೂ ತೂಕ ಇಳಿಯುವಂತಿದ್ದರೆ ಶಸ್ತ್ರಚಿಕಿತ್ಸೆ ಏತಕ್ಕೆ? ಇಳಿಯಲಿಲ್ಲವೆಂದೇ ಬಂದ ರೋಗಿಗೆ ಮತ್ತೆ ಅದೇ ಪಥ್ಯವೇತಕ್ಕೆ? ಭೌತಶಾಸ್ತ್ರದ ಕೆಲವು ಸರಳ ನಿಯಮಗಳ ನೆರವಿನಿಂದ ಇದಕ್ಕೆ ಉತ್ತರ ಹುಡುಕೋಣ.

ನಮ್ಮ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭಾ ನದಿಗೆ ಕಟ್ಟಿರುವ ಜಲಾಶಯವನ್ನು ಈ ಭಾಗದ ವಿದ್ಯಾರ್ಥಿಗಳೆಲ್ಲ ಬಲ್ಲರು. ಸುಮಾರು 51 ಟಿ.ಎಂ.ಸಿ. ಅಡಿ ನೀರನ್ನು ಅದು ಹಿಡಿದಿಡಬಲ್ಲುದು. ಒಳಹರಿವು ಹೊರಹರಿವಿಗಿಂತ ಹೆಚ್ಚಾದರೆ ನೀರಿನ ಮಟ್ಟ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ನಮ್ಮ ದೇಹದಲ್ಲಿ ಕೊಬ್ಬು ಇಂಥದೇ ಒಂದು ಸಂಗ್ರಹ. ಅನ್ನದ ಮೂಲಕ ಒಳಬರುವ ಶಕ್ತಿ ವ್ಯಯವಾಗುವ ಶಕ್ತಿಗಿಂತ ಹೆಚ್ಚಾದಾಗ ಉಳಿದುದು ಕೊಬ್ಬಾಗಿ ಶೇಖರಣೆಗೊಳ್ಳುತ್ತದೆ. ಶಕ್ತಿನಿತ್ಯತೆಯ ನಿಯಮಕ್ಕೆ ಯಂತ್ರದಂತೆ ಮನುಷ್ಯನೂ ಒಳಪಟ್ಟವನೆಂಬುದನ್ನು ಅಮೆರಿಕದ ವಿಲ್ಬರ್ ಅಟ್ವಾಟರ್ 1890ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದನು. ಮನುಷ್ಯರನ್ನು ಒಂದು ಮುಚ್ಚಿದ ಕೋಣೆಯಲ್ಲಿರಿಸಿ, ಅವರು ಉಂಡ ಆಹಾರದ ಶಕ್ತಿಯನ್ನೂ ಅವರ ದೇಹದಿಂದ ಹೊರಬಿದ್ದ ಶಾಖವನ್ನೂ ಅಳೆದು ಎರಡನ್ನೂ ತಾಳೆ ನೋಡಿದನು.

ಹಾಗಾದರೆ ಹೊರಹರಿವನ್ನು ಹೆಚ್ಚಿಸಿದರೆ ಸಾಲದೆ? ಲೆಕ್ಕ ಹಾಕಿ ನೋಡೋಣ. ಗೋಕಾಕದ ಜಲಪಾತ 52 ಮೀಟರು ಎತ್ತರವಾದುದು. 100 ಕಿಲೋಗ್ರಾಂ ತೂಕದ ಮನುಷ್ಯನೊಬ್ಬನು ಅಷ್ಟು ಎತ್ತರವನ್ನು ಮೆಟ್ಟಿಲುಗಳ ಮೂಲಕ ಹತ್ತಿದನೆಂದು ಭಾವಿಸೋಣ. ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಇವುಗಳ ಗುಣಲಬ್ಧ, ಅಂದರೆ 100 × 9.8 × 52, ಸುಮಾರು 51,000 ಜೂಲುಗಳಷ್ಟಾಗುತ್ತದೆ. ಇದು ಸುಮಾರು 12 ಕಿಲೋಕ್ಯಾಲೊರಿಗಳಿಗೆ ಸಮ. ಸ್ನಾಯುಗಳು ತಾವು ಬಳಸಿದ ಶಕ್ತಿಯ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ, ಉಳಿದುದು ಶಾಖವಾಗುತ್ತದೆ. ಆದುದರಿಂದ ನಿಜವಾದ ವೆಚ್ಚ ಸುಮಾರು 50 ಕಿಲೋಕ್ಯಾಲೊರಿ. ಒಂದು ಗ್ರಾಂ ಸಕ್ಕರೆ 4 ಕಿಲೋಕ್ಯಾಲೊರಿಗಳನ್ನು ಕೊಡುತ್ತದೆ. ಎಂದರೆ, ಜಲಪಾತದಷ್ಟು ಎತ್ತರ ಹತ್ತಿ ದಣಿದವನು ಮೇಲೆ ನಿಂತು ಹನ್ನೆರಡು ಗ್ರಾಂ ಸಕ್ಕರೆ ಬೆರೆತ ಒಂದು ಕಪ್ ಚಹಾ ಕುಡಿದರೆ ಲೆಕ್ಕ ಸರಿಹೋಗಿಬಿಡುತ್ತದೆ. ಅಲ್ಲಿಯ ಪ್ರಸಿದ್ಧ ಕರದಂಟಿನ ಮಾತು ಹೇಳಲೇಬೇಕಾಗಿಲ್ಲ. ಅದೇ ಮನುಷ್ಯನು ದಿನವೂ 5 ಕಿಲೋಮೀಟರು ನಡೆದರೆ ಸುಮಾರು 300 ಕಿಲೋಕ್ಯಾಲೊರಿ ವ್ಯಯವಾದೀತು. ಒಂದು ಕಿಲೋಗ್ರಾಂ ಮೇದಸ್ಸಿನಲ್ಲಿರುವ ಶಕ್ತಿಯಾದರೋ ಸುಮಾರು 7,700 ಕಿಲೋಕ್ಯಾಲೊರಿ. ಊಟ ಮೊದಲಿನಷ್ಟೇ ಇದ್ದರೆ ನಡಿಗೆಯೊಂದರಿಂದಲೇ ಒಂದು ಕಿಲೋಗ್ರಾಂ ಇಳಿಸಲು ಇಪ್ಪತ್ತೈದಾರು ದಿನಗಳು ಬೇಕು.

ಒಳಹರಿವನ್ನು ಕಡಿಮೆ ಮಾಡಿದಾಗ ಮತ್ತೊಂದು ತೊಡಕು ಎದುರಾಗುತ್ತದೆ. ಅಣೆಕಟ್ಟಿನ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುವುದಿಲ್ಲ. ದೇಹದ ಬಾಗಿಲುಗಳಾದರೋ ಮುಚ್ಚಿಕೊಳ್ಳುತ್ತವೆ. ಆಹಾರ ಕಡಿಮೆಯಾದೊಡನೆ ಅದು ತನ್ನ ವಿಶ್ರಾಂತಿಕಾಲದ ಶಕ್ತಿವ್ಯಯವನ್ನು ತಗ್ಗಿಸಿ, ಹಸಿವನ್ನು ಹೆಚ್ಚಿಸುತ್ತದೆ. 1999ರಲ್ಲಿ ಜಪಾನಿನ ಸಂಶೋಧಕರು ಕಂಡುಹಿಡಿದ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಜಠರದಲ್ಲಿಯೇ ಹುಟ್ಟಿ, ಮಿದುಳಿಗೆ ಹಸಿವಿನ ಸಂದೇಶವನ್ನು ಕಳುಹಿಸುತ್ತದೆ. ಕಷ್ಟಪಟ್ಟು ಇಳಿಸಿದ ತೂಕ ಮರಳಿ ಬರುವುದಕ್ಕೆ ರೋಗಿಯ ಸೋಮಾರಿತನವೇ ಕಾರಣವೆಂದು ದೂಷಿಸುವುದು ಆದುದರಿಂದ ಅನ್ಯಾಯ.

ಶಸ್ತ್ರಚಿಕಿತ್ಸೆಯ ಅಗತ್ಯ ಹುಟ್ಟಿದುದು ಇಲ್ಲಿಯೇ. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಜಠರದ ಮೇಲ್ಭಾಗದಲ್ಲಿ ಒಂದು ಚಿಕ್ಕ ಚೀಲವನ್ನು ಬೇರ್ಪಡಿಸಿ ಅದನ್ನು ನೇರವಾಗಿ ಕರುಳಿಗೆ ಜೋಡಿಸುವ ವಿಧಾನವನ್ನು ಆರಂಭಿಸಿದನು. ಈಗ ಹೆಚ್ಚು ರೂಢಿಯಲ್ಲಿರುವ ಮತ್ತೊಂದು ವಿಧಾನದಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತೆಗೆದುಹಾಕಿ, ಉಳಿದುದನ್ನು ಕಿರಿದಾದ ಕೊಳವೆಯಾಗಿ ಹೊಲಿಯುತ್ತಾರೆ. ಘ್ರೆಲಿನ್ ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ಇದರೊಡನೆ ಹೋಗುವುದರಿಂದ ಹಸಿವು ಕುಗ್ಗುತ್ತದೆ. ಇದು ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಜನರಿಗೆ ಸಕ್ಕರೆ ಕಾಯಿಲೆಯಿದೆ. ಬೊಜ್ಜು ಆ ಕಾಯಿಲೆಗೆ ದೊಡ್ಡ ಆಸರೆ. ಕಿಲೋಗ್ರಾಂ ತೂಕವನ್ನು ಮೀಟರು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 35ನ್ನು ಮುಟ್ಟಿದವರಿಗೆ ಈ ಚಿಕಿತ್ಸೆಯನ್ನು ಸೂಚಿಸಬಹುದೆಂದೂ, ಏಷ್ಯದ ಜನರಿಗೆ ಈ ಮಿತಿ ಇನ್ನೂ ಕೆಳಗಿರಬೇಕೆಂದೂ 2022ರಲ್ಲಿ ತಜ್ಞರ ಸಂಘಗಳು ಹೇಳಿವೆ. 160 ಸೆಂಟಿಮೀಟರು ಎತ್ತರದ ವ್ಯಕ್ತಿ 90 ಕಿಲೋಗ್ರಾಂ ತೂಗಿದರೆ ಆ ಸಂಖ್ಯೆ 35ನ್ನು ದಾಟುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜಠರದ ಮೇಲ್ಭಾಗವನ್ನು ಯಕೃತ್ತಿನ ಎಡಹಾಲೆ ಮುಚ್ಚಿಕೊಂಡಿರುತ್ತದೆ. ಹೊಟ್ಟೆಯಲ್ಲಿ ಚಿಕ್ಕ ರಂಧ್ರಗಳನ್ನು ಮಾಡಿ, ದೂರದರ್ಶಕದಂಥ ನಳಿಕೆಯನ್ನು ತೂರಿಸಿ ಕೆಲಸಮಾಡುವ ವೈದ್ಯನು ಆ ಹಾಲೆಯನ್ನು ಮೇಲಕ್ಕೆತ್ತಿ ಹಿಡಿಯಬೇಕು. ಬೊಜ್ಜುಳ್ಳವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ದೊಡ್ಡದೂ ಮಿದುವೂ ಆಗಿರುತ್ತದೆ. ಎತ್ತುವಾಗ ಗಾಯವಾಗಿ ರಕ್ತ ಸುರಿಯುವ ಭಯವುಂಟು. ಮಿತಾಹಾರದಲ್ಲಿದ್ದಾಗ ಯಕೃತ್ತು ಮೊದಲು ತನ್ನಲ್ಲಿರುವ ಗ್ಲೈಕೊಜನ್ ಎಂಬ ಪಿಷ್ಟವನ್ನು ಖರ್ಚುಮಾಡುತ್ತದೆ. ಒಂದು ಗ್ರಾಂ ಗ್ಲೈಕೊಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುವುದರಿಂದ ಆ ನೀರೂ ಹೊರಟುಹೋಗುತ್ತದೆ. ಬೆನ್ನಿಗೇ ಕೊಬ್ಬೂ ಕರಗತೊಡಗುತ್ತದೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ 12 ವಾರಗಳ ಪಥ್ಯದಿಂದ ಯಕೃತ್ತಿನ ಗಾತ್ರ ಸರಾಸರಿ ನೂರಕ್ಕೆ 19ರಷ್ಟು ಕುಗ್ಗಿತು. ಆ ಕುಗ್ಗುವಿಕೆಯಲ್ಲಿ ಐದರಲ್ಲಿ ನಾಲ್ಕು ಪಾಲು ಮೊದಲ ಎರಡು ವಾರಗಳಲ್ಲಿಯೇ ಆಗಿತ್ತು. ಆ ಎರಡು ವಾರಗಳ ಪಥ್ಯಕ್ಕೆ ತಕ್ಕಡಿಯ ಮುಳ್ಳು ಎಷ್ಟು ಇಳಿಯಿತೆಂಬುದು ಅಷ್ಟು ಮುಖ್ಯವಲ್ಲ. ಶಸ್ತ್ರವೈದ್ಯನಿಗೆ ಬೇಕಾದ ಎಡೆಯನ್ನು ಅದು ಒದಗಿಸುತ್ತದೆ.

ನಡಿಗೆಗೂ ಇಂಥದೇ ಕಾರಣವಿದೆ. ಶಸ್ತ್ರಕ್ರಿಯೆಯ ಹೊತ್ತಿಗೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಸುಮಾರು 15 ಮಿಲಿಮೀಟರು ಪಾದರಸದ ಒತ್ತಡದಲ್ಲಿ ತುಂಬುತ್ತಾರೆ. ಈ ಒತ್ತಡ ವಪೆಯನ್ನು ಮೇಲಕ್ಕೆ ನೂಕಿ ಶ್ವಾಸಕೋಶಗಳನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ದಿನವೂ ನಡೆದು, ದೀರ್ಘವಾಗಿ ಉಸಿರಾಡಿ ರೂಢಿಯಾದ ಎದೆ ಈ ಹೊರೆಯನ್ನು ಚೆನ್ನಾಗಿ ತಾಳಬಲ್ಲುದು. ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೊತ್ತುವ ಪಂಪುಗಳಿದ್ದಂತೆ. ಚಿಕಿತ್ಸೆಯಾದ ಮೇಲೆ ಬೇಗ ಎದ್ದು ನಡೆದಾಡುವವರ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಕಡಿಮೆ. ತಂಬಾಕಿನ ಹೊಗೆಯನ್ನು ಬಿಡಿಸುವುದೂ ಶ್ವಾಸಕೋಶಗಳ ಮತ್ತು ಹೊಲಿಗೆಯ ಗಾಯದ ಹಿತಕ್ಕಾಗಿಯೇ.

ಮೂರನೆಯ ಕಾರಣ ಅಭ್ಯಾಸ. ಕಿರಿದಾದ ಜಠರ ಗಟ್ಟಿ ಆಹಾರವನ್ನು ತಡೆಯುತ್ತದೆಯೇ ಹೊರತು ದ್ರವವನ್ನಲ್ಲ. ಸಕ್ಕರೆಯ ಚಹಾ, ಕಬ್ಬಿನ ಹಾಲು, ಪಾಯಸಗಳು ಸರಾಗವಾಗಿ ಇಳಿದುಹೋಗಿ ಚಿಕಿತ್ಸೆಯ ಫಲವನ್ನೇ ಕೆಡಿಸಬಲ್ಲವು. ಜಠರದ ಚೀಲವನ್ನು ನೇರವಾಗಿ ಕರುಳಿಗೆ ಜೋಡಿಸಿದವರಲ್ಲಂತೂ ಸಕ್ಕರೆಯ ಗಾಢ ದ್ರಾವಣ ಒಮ್ಮೆಲೇ ಕರುಳನ್ನು ಸೇರಿದಾಗ, ಅಭಿಸರಣೆಯ ನಿಯಮದಂತೆ ರಕ್ತದಲ್ಲಿನ ನೀರು ಆ ಗಾಢ ದ್ರಾವಣದ ಕಡೆಗೆ ಹರಿಯುತ್ತದೆ. ಎದೆ ಬಡಿದುಕೊಳ್ಳುತ್ತದೆ, ಬೆವರು ಕಿತ್ತುಬರುತ್ತದೆ, ಹೊಟ್ಟೆ ನುಲಿಯುತ್ತದೆ. ಸಕ್ಕರೆ ಕಾರ್ಖಾನೆಯುಳ್ಳ ಸಂಕೇಶ್ವರವನ್ನೂ ಸುತ್ತ ಕಬ್ಬಿನ ಗದ್ದೆಗಳನ್ನೂ ಹೊಂದಿದ ನಮ್ಮ ತಾಲ್ಲೂಕಿನಲ್ಲಿ, ಬಂದವರಿಗೆಲ್ಲ ಸಿಹಿ ಚಹಾ ಕೊಡುವುದೇ ಮರ್ಯಾದೆಯಾಗಿರುವಾಗ, ಈ ರುಚಿಯನ್ನು ಒಂದೇ ದಿನದಲ್ಲಿ ಬಿಡುವುದು ಸುಲಭವಲ್ಲ. ಆದುದರಿಂದ ಮೊದಲೇ ಬಿಡಲು ತೊಡಗಬೇಕು.

ಬಿಡಬೇಕಾದುದು ನಮ್ಮ ಊಟವನ್ನಲ್ಲ ಎಂಬುದನ್ನು ಗಮನಿಸಬೇಕು. ಝುಣಕ, ಮಡಿಕೆ ಕಾಳು, ಹೆಸರು ಕಾಳು, ಮೊಸರು ಇವುಗಳಲ್ಲಿ ಪ್ರೋಟೀನು ಸಾಕಷ್ಟಿದೆ. ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನೊಡನೆ ಸ್ನಾಯುವೂ ಕರಗುವ ಅಪಾಯವಿರುವುದರಿಂದ, ಚಿಕಿತ್ಸೆಯ ನಂತರ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ. ತಟ್ಟೆಯಲ್ಲಿ ಮೊದಲು ಕಾಳಿನ ಪಲ್ಯ, ಅನಂತರ ಕಾಯಿಪಲ್ಯ, ಕೊನೆಗೆ ರೊಟ್ಟಿ ಅನ್ನ ಎಂಬ ಕ್ರಮವನ್ನು ಮುಂಚಿತವಾಗಿಯೇ ರೂಢಿಸಿಕೊಳ್ಳಬಹುದು. ತುತ್ತನ್ನು ನುಣ್ಣಗೆ ಅಗಿದು, ಇಪ್ಪತ್ತು ಮೂವತ್ತು ನಿಮಿಷ ನಿಧಾನವಾಗಿ ಉಣ್ಣುವುದು, ಊಟದ ನಡುವೆ ನೀರು ಕುಡಿಯದೆ ಅರ್ಧ ಗಂಟೆಯ ತರುವಾಯ ಕುಡಿಯುವುದು, ಇವೂ ಕಲಿಯಬೇಕಾದ ಪಾಠಗಳೇ. ಹೊಲಿಗೆ ಹಸಿಯಾಗಿರುವಾಗ ಕಲಿಯಲು ಹೊರಟರೆ ವಾಂತಿಯೂ ನೋವೂ ತಪ್ಪಿದ್ದಲ್ಲ.

ಈ ಪಥ್ಯವನ್ನು ಕೆಲವರು ರೋಗಿಯ ಮನೋಬಲದ ಪರೀಕ್ಷೆಯೆಂದು ತಿಳಿಯುವುದುಂಟು. ಇಷ್ಟು ತೂಕ ಇಳಿಸಿದರೆ ಮಾತ್ರ ಚಿಕಿತ್ಸೆಗೆ ಹಣ ಕೊಡುತ್ತೇವೆಂಬ ವಿಮಾ ಸಂಸ್ಥೆಗಳ ಷರತ್ತಿಗೆ ಆಧಾರವಿಲ್ಲವೆಂದು ಅಮೆರಿಕದ ಈ ಶಸ್ತ್ರವೈದ್ಯರ ಸಂಘವೇ 2016ರಲ್ಲಿ ಸಾರಿದೆ. ಪಥ್ಯ ಸಿದ್ಧತೆಯೇ ಹೊರತು ಶಿಕ್ಷೆಯಲ್ಲ. ಎರಡು ಕಿಲೋಗ್ರಾಂ ಮಾತ್ರ ಇಳಿದವನು ಸೋತುಹೋದೆನೆಂದು ನಾಚಿ ಆಸ್ಪತ್ರೆಗೆ ಬೆನ್ನು ತಿರುಗಿಸಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ಶಸ್ತ್ರಕ್ಕೆ ಮುನ್ನ ಸೂಚಿಸುವ, ದಿನಕ್ಕೆ ಸುಮಾರು 800 ಕಿಲೋಕ್ಯಾಲೊರಿಗಳ ಆಹಾರಕ್ರಮ ಬೆಳೆಯುವ ದೇಹಕ್ಕೆ ತಕ್ಕುದಲ್ಲ. ಅದನ್ನು ತಾವಾಗಿಯೇ ಪ್ರಯೋಗಿಸಲಾಗದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇಲ್ಲವೆ ಗುಳಿಗೆ ತೆಗೆದುಕೊಳ್ಳುವವರು ಊಟ ತಗ್ಗಿಸಿದಾಗ ಔಷಧದ ಪ್ರಮಾಣವನ್ನೂ ವೈದ್ಯರಿಂದ ಬದಲಿಸಿಕೊಳ್ಳದಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಆದರೆ ಮನೆಯ ಹಿರಿಯರೊಬ್ಬರು ಇಂಥ ಚಿಕಿತ್ಸೆಗೆ ಸಿದ್ಧರಾಗುತ್ತಿದ್ದರೆ ನಮ್ಮಿಂದ ಆಗುವ ಕೆಲಸ ಬೇಕಾದಷ್ಟಿದೆ. ಸಂಜೆ ಅವರೊಡನೆ ನಡೆಯಬಹುದು, ಮನೆಮಂದಿಯೆಲ್ಲ ಸಕ್ಕರೆಯಿಲ್ಲದ ಚಹಾ ಕುಡಿಯಬಹುದು, ಅವರ ಊಟ ಮುಗಿಯುವವರೆಗೆ ಅವಸರಪಡಿಸದೆ ಜೊತೆಯಲ್ಲಿ ಕುಳಿತಿರಬಹುದು. ಆಸ್ಪತ್ರೆಯ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಊಟ ಮತ್ತು ನಡಿಗೆಯ ಈ ಕೆಲಸವಾದರೋ ಅದಕ್ಕೆ ಮುಂಚೆಯೇ ಮನೆಯಲ್ಲಿ ಆರಂಭವಾಗಿ, ಮುಂದೆ ಜೀವಮಾನವಿಡೀ ನಡೆಯಬೇಕಾದುದು.