26,739 ಡಾಲರ್ ದಂಡ, ಬೀಳದೇ ಹೋದ ಒಂದು ಫ್ಲ್ಯಾಗ್

2019ರ ಜನವರಿ 25ರಂದು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ನಿಕೆಲ್ ರೋಬಿ-ಕೋಲ್ಮನ್ ಮೇಲೆ 26,739 ಡಾಲರ್ ದಂಡ ಹಾಕಿದ್ದು ಸುದ್ದಿಯಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 19 ಲಕ್ಷ ರೂಪಾಯಿ. ಎದುರಾಳಿಯ ಹೆಲ್ಮೆಟ್‌ಗೆ ಹೆಲ್ಮೆಟ್‌ನಿಂದಲೇ ಗುದ್ದಿದ್ದು ಅವರ ತಪ್ಪು. ಐದು ದಿನದ ಹಿಂದೆ ಆ ಗುದ್ದು ಬಿದ್ದಾಗ ಮೈದಾನದಲ್ಲಿ 7 ಮಂದಿ ತೀರ್ಪುಗಾರರಿದ್ದರು. ತಪ್ಪನ್ನು ಗುರುತಿಸುವ ಹಳದಿ ಫ್ಲ್ಯಾಗ್ ಅನ್ನು ಒಬ್ಬರೂ ಎಸೆಯಲಿಲ್ಲ.

ಇದು ನಮ್ಮೂರಲ್ಲಿ ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. 100 ಗಜದ ಅಂಗಳ, 4 ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ 4 ಯತ್ನ. ಆ ಹೊಸ ಅವಕಾಶಕ್ಕೆ ಫಸ್ಟ್ ಡೌನ್ ಎನ್ನುತ್ತಾರೆ. ರಕ್ಷಣಾ ತಂಡದವರು ಹೆಲ್ಮೆಟ್‌ನಿಂದ ಗುದ್ದಿದರೆ ಎದುರಾಳಿಗೆ 15 ಗಜ, ಅಂದರೆ 13.7 ಮೀಟರ್, ಜೊತೆಗೆ ಫಸ್ಟ್ ಡೌನ್ ಸಿಗುತ್ತದೆ. ಅಭಿಮಾನಿಗಳ ಜಗಳ ಮೇಲ್ನೋಟಕ್ಕೆ ಆ 15 ಗಜದ ಬಗ್ಗೆ. ಲೆಕ್ಕ ಹಾಕಿ ನೋಡಿದರೆ ದುಬಾರಿಯಾದದ್ದು ಫಸ್ಟ್ ಡೌನ್ ಮತ್ತು ಗಡಿಯಾರ.

ನ್ಯೂ ಆರ್ಲಿಯನ್ಸ್‌ನ ಆ ಪಂದ್ಯವನ್ನೇ ನೋಡಿ. ಗೆದ್ದವರಿಗೆ ಲೀಗಿನ ಫೈನಲ್ ಪಂದ್ಯವಾದ ಸೂಪರ್ ಬೌಲ್. ಆ ಊರಿನ ತಂಡ ಸೇಂಟ್ಸ್ 20, ರ‍್ಯಾಮ್ಸ್ 20. ಉಳಿದಿದ್ದು 1 ನಿಮಿಷ 49 ಸೆಕೆಂಡು. ಸೇಂಟ್ಸ್‌ನ ಮೂರನೇ ಯತ್ನ, ಗೋಲ್ ಗೆರೆಗೆ 13 ಗಜ. ಡ್ರೂ ಬ್ರೀಸ್ ಎಸೆದ ಚೆಂಡು ಟಾಮಿಲೀ ಲೂಯಿಸ್ ಕೈಗೆ ತಲುಪುವ ಮೊದಲೇ ರೋಬಿ-ಕೋಲ್ಮನ್ ಬಂದು ಅಪ್ಪಳಿಸಿದರು. ಚೆಂಡು ಹಿಡಿಯಲು ಅಡ್ಡಿಪಡಿಸಿದ್ದು ಒಂದು ತಪ್ಪು, ಹೆಲ್ಮೆಟ್ ತಾಗಿಸಿದ್ದು ಇನ್ನೊಂದು. ಗೋಲ್ ಗೆರೆ ಹತ್ತಿರವಿದ್ದಾಗ ಪೂರ್ತಿ 15 ಗಜ ಕೊಡಲಾಗದು, ಉಳಿದ ದೂರದ ಅರ್ಧವನ್ನಷ್ಟೇ ಕೊಡುತ್ತಾರೆ. ಹಾಗಾಗಿ ಹೆಲ್ಮೆಟ್ ತಪ್ಪಿಗೆ ಫ್ಲ್ಯಾಗ್ ಬಿದ್ದಿದ್ದರೂ ಸಿಗುತ್ತಿದ್ದುದು ಬರೀ ಆರೂವರೆ ಗಜ. ಆದರೆ ಅದರ ಜೊತೆಗೆ ಹೊಸದಾಗಿ 4 ಯತ್ನಗಳು ಸಿಗುತ್ತಿದ್ದವು. ಎದುರಾಳಿ ಟೈಮ್‌ಔಟ್ ಕೇಳದಿದ್ದರೆ ಒಂದೊಂದು ಯತ್ನದ ನಡುವೆ 40 ಸೆಕೆಂಡು ಓಡಿಸಬಹುದು. ಸೇಂಟ್ಸ್ ಗಡಿಯಾರವನ್ನು ಬಹುಪಾಲು ಖಾಲಿ ಮಾಡಿ ಕೊನೆಯಲ್ಲಿ ಒದ್ದು 3 ಅಂಕ ಪಡೆಯಬಹುದಿತ್ತು.

ನಡೆದದ್ದು ಬೇರೆ. ತಕ್ಷಣ ಒದ್ದು 23-20 ಮಾಡಿಕೊಂಡಾಗ ಇನ್ನೂ 101 ಸೆಕೆಂಡು ಉಳಿದಿತ್ತು. ರ‍್ಯಾಮ್ಸ್‌ಗೆ ಅಷ್ಟು ಸಾಕಾಯಿತು. ಅಂಕ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಗ್ರೆಗ್ ಜುಅರ್ಲೈನ್ 57 ಗಜ ದೂರದಿಂದ ಒದ್ದು 26-23ಕ್ಕೆ ಪಂದ್ಯ ಮುಗಿಸಿದರು.

ಆ ದಂಡದ ಮೊತ್ತವನ್ನೂ ಒಮ್ಮೆ ತೂಗಬೇಕು. 2018ರಲ್ಲಿ ಹೊಸ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 4,80,000 ಡಾಲರ್, 17 ವಾರಕ್ಕೆ ಹಂಚಿದರೆ ವಾರಕ್ಕೆ 28,235. ತೀರಾ ಕಡಿಮೆ ಸಂಬಳದವನ ಒಂದು ವಾರದ ಗಳಿಕೆಗಿಂತಲೂ ಈ ದಂಡ ತುಸು ಕಡಿಮೆ. ಹಾಗಂತ ಅದು ಸಣ್ಣ ಶಿಕ್ಷೆ ಎಂದು ನಾನು ಹೇಳುವುದಿಲ್ಲ. ಸೇಂಟ್ಸ್ ಅಭಿಮಾನಿಗಳನ್ನು ಕೆರಳಿಸಿದ್ದು ಇನ್ನೊಂದು ಸಂಗತಿ: ತಪ್ಪು ನಡೆದಿದೆ ಎಂದು ಲೀಗೇ ಲಿಖಿತವಾಗಿ ಒಪ್ಪಿದ ಹಾಗಾಯಿತು, ಕಳೆದುಕೊಂಡವರಿಗೆ ಮಾತ್ರ ಏನೂ ಮರಳಲಿಲ್ಲ. ಕೆಲವರು ಕೋರ್ಟಿಗೂ ಹೋದರು. ಟಿಕೆಟ್ ಕೊಂಡವರಿಗೆ ಸಿಗುವುದು ಒಳಗೆ ಹೋಗುವ ಹಕ್ಕು ಮತ್ತು ಒಂದು ಆಸನ ಮಾತ್ರ ಎಂದು ಲೂಯಿಸಿಯಾನ ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ದಾವೆ ವಜಾ ಮಾಡಿತು. ಊರಿನ ಸಿಟ್ಟು ಟಿವಿ ಅಂಕಿಗಳಲ್ಲೂ ಕಂಡಿತು. ಹಿಂದಿನ ವರ್ಷ 53.0 ಇದ್ದ ಸೂಪರ್ ಬೌಲ್ ರೇಟಿಂಗ್ ನ್ಯೂ ಆರ್ಲಿಯನ್ಸ್‌ನಲ್ಲಿ 26.1ಕ್ಕೆ ಕುಸಿಯಿತು.

ಇದಕ್ಕೆ ವಿರುದ್ಧವಾದ, ಫ್ಲ್ಯಾಗ್ ಅತಿಯಾಗಿ ಬೀಳುತ್ತದೆ ಎಂಬ ದೂರೂ ಅದೇ ಸೀಸನ್‌ನದು. 2018ರಲ್ಲಿ ತಲೆ ತಗ್ಗಿಸಿ ಹೆಲ್ಮೆಟ್‌ನಿಂದ ಡಿಕ್ಕಿ ಹೊಡೆಯುವುದನ್ನೇ ತಪ್ಪೆಂದು ಲೀಗ್ ನಿಯಮ ಮಾಡಿತು. ಅಭ್ಯಾಸ ಪಂದ್ಯಗಳಲ್ಲಿ ಮೊದಲ 33ಕ್ಕೆ 51 ಫ್ಲ್ಯಾಗ್, ಅಂದರೆ ಪಂದ್ಯಕ್ಕೆ ಒಂದೂವರೆ. ಹೀಗಾದರೆ ಆಟವೇ ಉಳಿಯದು ಎಂಬ ಕೂಗೆದ್ದಿತು. ಅದೇ ದರದಲ್ಲಿ ಇಡೀ ಸೀಸನ್ನಿನ 256 ಪಂದ್ಯಗಳಿಗೆ ಸುಮಾರು 396 ಫ್ಲ್ಯಾಗ್ ಆಗಬೇಕಿತ್ತು. ಆಕಸ್ಮಿಕವಾಗಿ ತಾಗಿದರೆ ತಪ್ಪಲ್ಲ ಎಂದು ಆಗಸ್ಟ್‌ನಲ್ಲಿ ಸ್ಪಷ್ಟನೆ ಬಂತು. ನಿಜವಾದ ಸೀಸನ್ ಮುಗಿದಾಗ ಲೆಕ್ಕ ನಿಂತದ್ದು ಇಪ್ಪತ್ತರ ಆಸುಪಾಸಿನಲ್ಲಿ. ಆಕಸ್ಮಿಕ ಯಾವುದು, ಬೇಕೆಂದು ಗುದ್ದಿದ್ದು ಯಾವುದು ಎಂಬುದನ್ನು ಅರೆಕ್ಷಣದಲ್ಲಿ ತೀರ್ಮಾನಿಸಬೇಕಾದವರ ಕೈಗೆ ಎಲ್ಲವನ್ನೂ ಬಿಟ್ಟದ್ದರ ಫಲ ಇದು.

ನಿಯಮವನ್ನೇ ಕಿತ್ತುಹಾಕಿ ಎನ್ನುವವರ ಜೊತೆ ನಾನಿಲ್ಲ. ತಲೆಯಿಂದ ಗುದ್ದುವುದನ್ನು ಶಾಲೆ, ಕಾಲೇಜು ಮಟ್ಟದಲ್ಲಿ 1976ರಲ್ಲಿ ನಿಷೇಧಿಸಿದಾಗ, ಆ ವರ್ಷ ಕುತ್ತಿಗೆಯ ಪೆಟ್ಟಿನಿಂದ ಕೈಕಾಲು ಸ್ವಾಧೀನ ಕಳೆದುಕೊಂಡ ಆಟಗಾರರು 34. 1984ರ ಹೊತ್ತಿಗೆ 5. ಎನ್‌ಎಫ್‌ಎಲ್‌ನಲ್ಲಿ ತಲೆಗೆ ಪೆಟ್ಟಾಗಿ ಕನ್ಕಷನ್ ಆದ ಪ್ರಕರಣಗಳು 2017ರಲ್ಲಿ 281, 2018ರಲ್ಲಿ 214, 2024ರಲ್ಲಿ 182. ಹೆಲ್ಮೆಟ್‌ಗಳು ಸುಧಾರಿಸಿವೆ, ಕಿಕ್‌ಆಫ್ ನಿಯಮ ಬದಲಾಗಿದೆ, ಎಲ್ಲ ಶ್ರೇಯವೂ ಫ್ಲ್ಯಾಗಿನದ್ದಲ್ಲ. ಆದರೂ ಒಬ್ಬ ಹುಡುಗನ ಬೆನ್ನುಹುರಿಯ ಮುಂದೆ ತಪ್ಪಾಗಿ ಬಿದ್ದ 15 ಗಜ ಏನೇನೂ ಅಲ್ಲ.

ಸರಿಪಡಿಸಬೇಕಾದದ್ದು ಮರುಪರಿಶೀಲನೆಯನ್ನು. 2025ರಲ್ಲಿ ಲೀಗ್ ಒಂದು ಹೆಜ್ಜೆ ಮುಂದಿಟ್ಟು, ರಕ್ಷಣೆಯಿಲ್ಲದ ಆಟಗಾರನ ಮೇಲಿನ ಹೊಡೆತದ ಫ್ಲ್ಯಾಗನ್ನೂ ವಿಡಿಯೊ ನೋಡಿ ಹಿಂತೆಗೆಯಲು ಅವಕಾಶ ಕೊಟ್ಟಿತು. ಹಿಂತೆಗೆಯಲು ಮಾತ್ರ, ಬೀಳದ ಫ್ಲ್ಯಾಗನ್ನು ಬೀಳಿಸಲು ಅಲ್ಲ. ಕ್ರಿಕೆಟ್‌ನ ಡಿಆರ್‌ಎಸ್‌ನಲ್ಲಿ ಔಟನ್ನೂ ಪ್ರಶ್ನಿಸಬಹುದು, ನಾಟ್‌ಔಟನ್ನೂ ಪ್ರಶ್ನಿಸಬಹುದು. ಇಲ್ಲಿ ಒಂದೇ ಬಾಗಿಲು ತೆರೆದಿದೆ. ಸೇಂಟ್ಸ್‌ಗೆ ಆದದ್ದು ಇಂದು ಆ ನಿಯಮದಡಿ ಮತ್ತೆ ಆದರೂ ಉತ್ತರ ಅದೇ.

ಕಾಲೇಜು ಫುಟ್‌ಬಾಲ್‌ನಲ್ಲಿ ಎರಡೂ ಬಾಗಿಲು ತೆರೆದಿವೆ. ಅಲ್ಲಿ ಶಿಕ್ಷೆಯೂ ಕಠಿಣ: 15 ಗಜದ ಜೊತೆಗೆ ಆಟಗಾರ ಹೊರಗೆ. ಅಲ್ಲಿ ಜಗಳ ನಿಂತಿಲ್ಲ ಎಂಬುದೂ ನಿಜ. 2025ರ ಜನವರಿ 1ರ ಪೀಚ್ ಬೌಲ್‌ನಲ್ಲಿ ಟೆಕ್ಸಸ್ 24, ಅರಿಜೋನಾ ಸ್ಟೇಟ್ 24, ಉಳಿದದ್ದು 63 ಸೆಕೆಂಡು. ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿದ ಟೆಕ್ಸಸ್ ಆಟಗಾರನ ಹೊಡೆತವನ್ನು ವಿಡಿಯೊದಲ್ಲಿ ನೋಡಿ ತಪ್ಪಿಲ್ಲ ಎಂದರು. ಎರಡು ಹೆಚ್ಚುವರಿ ಅವಧಿಗಳ ನಂತರ ಟೆಕ್ಸಸ್ 39-31ರಿಂದ ಗೆದ್ದಿತು. ಆಗ ಅರಿಜೋನಾ ಸ್ಟೇಟ್ ಇದ್ದ ಬಿಗ್ 12 ಒಕ್ಕೂಟದ ಆಯುಕ್ತ ಬ್ರೆಟ್ ಯೋರ್ಮಾರ್ಕ್ ಇಡೀ ದೇಶಕ್ಕೆ ಒಂದೇ ಮಾನದಂಡ ಬೇಕೆಂದರು. ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಎನ್‌ಎಫ್‌ಎಲ್ ಕೊನೆಯ 2 ನಿಮಿಷಗಳಲ್ಲಿ ಮಾತ್ರವಾದರೂ, ಹೆಲ್ಮೆಟ್ ಹೊಡೆತಕ್ಕೆ ಮಾತ್ರವಾದರೂ, ಫ್ಲ್ಯಾಗ್ ಎಸೆಯುವ ಅಧಿಕಾರವನ್ನು ವಿಡಿಯೊ ಕೋಣೆಗೆ ಕೊಡಲಿ. ವಾರದ ಕೊನೆಗೆ ದಂಡದ ಚೀಟಿ ಬರೆಯಲು ನೋಡುವ ವಿಡಿಯೊವನ್ನೇ ಪಂದ್ಯ ನಡೆಯುತ್ತಿರುವಾಗ ನೋಡಿದರಾಯಿತು.